ಬೆಳಕು ಬಿದ್ದಷ್ಟೇ

ಗಿರಾಕಿಗೆ ಏನು ಬೇಕೆನ್ನುವುದು ಆ ಕ್ಯಾಮೆರಾ ಅಂಗಡಿಯವನಿಗೆ ಗಿರಾಕಿಗಿಂತ ಮೊದಲೇ ಗೊತ್ತಾಗುತ್ತಿತ್ತು. ಅಕ್ಕ ತಂಗಿ ಇಬ್ಬರು ಬಂದರು; ಸುದ್ದಿ ಓದುವ ವಿಡಿಯೊ ಮಾಡಬೇಕು, ಸ್ಕೂಟರಿನಲ್ಲಿ ಒಯ್ಯುವಂಥ ಲೈಟುಗಳು ಬೇಕು ಎಂದಳು ತಂಗಿ. ಅವನು ಪರದೆ ಎಳೆದು ಕೋಣೆ ಕತ್ತಲು ಮಾಡಿದ, ಓದುವ ಅಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ ಒಂದೇ ಒಂದು ಲೈಟು ಹಾಕಿದ. ಕ್ಯಾಮೆರಾದ ಸ್ಕ್ರೀನಿನಲ್ಲಿ ಅವಳ ಮುಖವೊಂದೇ ತೊಳೆದಿಟ್ಟ ಹಾಗೆ ಬೆಳಗಿತು. ಅದನ್ನು ಅವಳ ಕಡೆಗೂ ತಿರುಗಿಸಿ ತೋರಿಸಿದ.

“ಒಂದು ಸಾಲಲ್ಲ ಸಾರ್. ಕೈಯೆಲ್ಲಾ ಚೆನ್ನಾಗಿ ಕಾಣ್ಬೇಕು,” ಎಂದಳು ತಂಗಿ.

“ಸುದ್ದಿ ಓದೋರ ಕೈ ಯಾರಮ್ಮ ನೋಡ್ತಾರೆ? ಮೂವತ್ತು ವರ್ಷದಿಂದ ಇದೇ ಕೆಲಸ ನಂದು.”

“ಎಷ್ಟು ವರ್ಷ ಆದ್ರೂ ಸಾಲಲ್ಲ.”

“ನೀವೊಬ್ರೇ ವಾದ ಮಾಡ್ತಿರೋದು. ನಿಮ್ಮಕ್ಕನ್ನ ನೋಡಿ, ಆಗ್ಲಿಂದ ತುಟಿ ಬಿಚ್ಚಿಲ್ಲ. ಮೌನಂ ಸಮ್ಮತಿ ಲಕ್ಷಣಂ!”

ತಂಗಿ ಇನ್ನೊಂದು ಲೈಟನ್ನು ತಾನೇ ಎತ್ತಿಕೊಂಡು ಅಕ್ಕನ ಮಡಿಲ ಕಡೆಗೆ ಹಿಡಿದಳು. ಅಲ್ಲಿ ಎರಡು ಕೈಗಳು ರಭಸದಿಂದ ಆಡುತ್ತಿದ್ದವು.

“ಕಿವಿ ಕೇಳದೋರಿಗೆ ಅಕ್ಕ ಸುದ್ದಿ ಓದೋದು ಈ ಕೈಯಲ್ಲೇ ಸಾರ್. ಆಗ್ಲಿಂದ ‘ಬೇಡ, ಬೇಡ’ ಅಂತ ಕೂಗ್ತಾನೇ ಇದ್ದಾಳೆ.”