ಬೆಟ್ಟದೂರಿನ ನ್ಯೋಕಿ

ಮುದುಕ ಮೂರನೆಯ ಉಂಡೆಯನ್ನೂ ಚಾಕುವಿನಿಂದ ಸೀಳಿದ. ಕನ್ನಡಕ ಹಣೆಗೇರಿಸಿ, ಒಳಗಿನ ತಿರುಳನ್ನು ಮೂಗಿನ ಹತ್ತಿರ ಹಿಡಿದು ನೋಡಿದ. ಆಮೇಲೆ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಏನೋ ಬರೆದುಕೊಂಡ.

ಅಡುಗೆಮನೆಯ ಬಾಗಿಲ ಗಾಜಿನಲ್ಲಿ ಇಣುಕುತ್ತಿದ್ದ ಯಶೋಧರನ ಬೆನ್ನಲ್ಲಿ ಬೆವರಿಳಿಯಿತು.

"ಬರೀತಾ ಇದ್ದಾನೆ ಮಾರಾಯ್ತಿ."

ಅವನ ಹೆಂಡತಿ ಉಮಾವತಿ ತಲೆಯೆತ್ತಲಿಲ್ಲ. "ಬರೀಲಿ. ತಿಂತಾ ಇದ್ದಾನಲ್ಲ, ಅದು ನೋಡಿ."

ಕುವೈತಿನ ಸಲ್ವಾ ಬಡಾವಣೆಯ ಆ ಹೋಟೆಲಿನ ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು: ಇಟಲಿಯ ಬೆಟ್ಟದೂರಿನ ಅಡುಗೆ, ಒಂದೇ ಕುಟುಂಬದ ಕೈರುಚಿ. ಎರಡು ದಿನಾರಿಗೆ ಹೊಟ್ಟೆ ತುಂಬುತ್ತಿತ್ತು. ಒಡತಿ ಜುಮಾನಾ ಅಲ್ಲಿಯವಳೇ. ಎರಡು ವರ್ಷದ ಹಿಂದೆ ಅವಳು ಅಡುಗೆಯವರನ್ನು ಹುಡುಕುತ್ತಿದ್ದಾಗ, ತಾನೂ ಹೆಂಡತಿಯೂ ಇಟಲಿಯ ಬೆಟ್ಟಗಳ ನಡುವೆ ಹದಿನೈದು ವರ್ಷ ಚಿಕ್ಕದೊಂದು ಊಟದ ಮನೆ ನಡೆಸಿದವರು ಎಂದು ಯಶೋಧರ ಹೇಳಿದ್ದ. ಆ ಹದಿನೈದು ವರ್ಷ ಅವನು ಇದ್ದದ್ದು ಕುವೈತಿನದೇ ಶುಐಬಾದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ. ಕ್ಯಾಂಟೀನು ಮುಚ್ಚಿತ್ತು; ಆ ದೇಶದಲ್ಲಿರಲು ಬೇಕಾದ ಇಕಾಮಾ ಪರವಾನಗಿ ಮುಗಿಯಲು ಇಪ್ಪತ್ತು ದಿನ ಉಳಿದಿತ್ತು. ಅಂಥ ಹೊತ್ತಿನಲ್ಲಿ ಮನುಷ್ಯನಿಗೆ ಇಟಲಿಯೇನು, ಚಂದ್ರಲೋಕವೂ ಹುಟ್ಟಿದೂರಾಗುತ್ತದೆ. ಬೆಟ್ಟ ಅಂತ ಅವನು ಹತ್ತಿದ್ದು ಕಾರ್ಕಳದ ಗೊಮ್ಮಟ ಬೆಟ್ಟ ಒಂದೇ.

ನ್ಯೋಕಿ ಎಂಬ ಇಟಲಿಯ ಹಿಟ್ಟಿನುಂಡೆಯನ್ನು ಮಾಡುವುದು ಹೇಗೆಂದು ಮೊಬೈಲಿನಲ್ಲಿ ನೋಡಿ ಅವನು ಕಂಗಾಲಾಗಿದ್ದಾಗ ಉಮಾವತಿ ಬಗ್ಗಿ ನೋಡಿ ಹೇಳಿದ್ದಳು, ಇದು ನಮ್ಮ ಪುಂಡಿಯೇ ಅಲ್ವಾ ಎಂದು. ಅಕ್ಕಿ ನೆನೆಸಿ, ಕಾಯಿತುರಿ ಹಾಕಿ ತರಿತರಿಯಾಗಿ ರುಬ್ಬಿ, ಬಾಣಲೆಯಲ್ಲಿ ಮಗುಚಿದಳು. ಉಂಡೆ ಕಟ್ಟಿ, ಹೆಬ್ಬೆರಳಲ್ಲಿ ಗುಳಿ ಒತ್ತಿ, ಹಬೆಯಲ್ಲಿ ಬೇಯಿಸಿದಳು. ಮೇಲೆ ಅವನು ಚೀಸು ಕರಗಿಸಿ ಸುರಿದ. ಜುಮಾನಾ ಕಣ್ಣು ಮುಚ್ಚಿ ತಿಂದು, ಬೆಟ್ಟದ ಗಾಳಿಯೇ ಬಾಯಿಗೆ ಬಂದಂತಾಯಿತು ಎಂದಳು. ಅಂದಿನಿಂದ ಗಿರಾಕಿಗಳು ಕೇಳುವುದು ಅದನ್ನೇ.

ಈ ಮುದುಕನ ಫೋನು ಬಂದದ್ದು ಮೊನ್ನೆ. ಹೆಸರು ಬ್ರೂನೋ. ಇಟಲಿಯ ಬೆಟ್ಟದೂರಿನವನು, ಅಲ್ಲಿ ಹೆಂಡತಿ ಮಕ್ಕಳೊಂದಿಗೆ ಅಗ್ಗದ ಊಟದ ಮನೆ ನಡೆಸುವವನು. ಇಂಟರ್ನೆಟ್ಟಿನಲ್ಲಿ ನಿಮ್ಮ ನ್ಯೋಕಿಯ ಚಿತ್ರ ನೋಡಿದೆ, ನೋಡಿದ ಕೂಡಲೇ ಅದೇನೆಂದು ತಿಳಿಯಿತು, ಅದಕ್ಕಾಗಿಯೇ ವಿಮಾನ ಹತ್ತುತ್ತಿದ್ದೇನೆ ಎಂದಿದ್ದನಂತೆ. ಜುಮಾನಾ ಅದನ್ನು ಹೊಗಳಿಕೆ ಎಂದುಕೊಂಡಳು. ಯಶೋಧರನಿಗೆ ಎರಡು ದಿನ ಅನ್ನ ಸೇರಲಿಲ್ಲ.

"ಯಲ್ಲಾ ಜೋ, ಅವರು ಕರೀತಿದ್ದಾರೆ," ಎಂದಳು ಜುಮಾನಾ. ಅವಳಿಗೆ ಅವನು ಯಶೋಧರನಲ್ಲ, ಜೋ.

ಯಶೋಧರ ಕೊರಳಿಗೆ ಮಫ್ಲರು ಸುತ್ತಿಕೊಂಡು ಹೊರಟ. ಹೊರಗೆ ನಲವತ್ತೈದು ಡಿಗ್ರಿ ಬಿಸಿಲು. ಮುದುಕ ಇಟಾಲಿಯನ್ನಿನಲ್ಲಿ ಮಾತಾಡಿಸಿದರೆ ಗಂಟಲು ಕಟ್ಟಿದೆ ಎನ್ನುವುದು ಅವನ ಉಪಾಯ. ಆದರೆ ಮುದುಕ ಮೊದಲ ಮಾತನ್ನೇ ಇಂಗ್ಲಿಷಿನಲ್ಲಿ ಆಡಿದ.

"ಹಬೆಯಲ್ಲಿ ಎಷ್ಟು ಹೊತ್ತು?"

"ಇಪ್ಪತ್ತು ನಿಮಿಷ," ಎಂದುಬಿಟ್ಟ ಯಶೋಧರ. ಮೊಬೈಲಿನವರು ಕುದಿಯುವ ನೀರಿಗೆ ಹಾಕಿದ್ದರು ಎಂಬುದು ಆಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡ. ಮುದುಕ ಬಹಳ ಖುಷಿಯಿಂದ ಬರೆದುಕೊಂಡ.

"ಯಾರಿಂದ ಕಲಿತದ್ದು?"

"ಹೆಂಡತಿಯ ತಾಯಿಯಿಂದ."

"ಅವರು ಬೆಟ್ಟದವರೋ?"

ಯಶೋಧರ ಮಫ್ಲರನ್ನು ಇನ್ನೊಂದು ಸುತ್ತು ಸುತ್ತಿಕೊಂಡ. "ಬೆಟ್ಟದ ಬುಡ."

ಜುಮಾನಾ ನಡುವೆ ಬಾಯಿ ಹಾಕಿ, ನಿಮ್ಮ ಊಟದ ಮನೆಯಲ್ಲಿ ಏನು ವಿಶೇಷ ಎಂದು ಬ್ರೂನೋನನ್ನೇ ಕೇಳಿದಳು. ಅವನ ಕೈಯ ಚಮಚ ಕೆಳಗೆ ಬಿತ್ತು. ಅದನ್ನು ಹುಡುಕಲು ಮೇಜಿನಡಿಗೆ ಬಗ್ಗಿದವನು ಬೇಗ ಮೇಲೇಳಲಿಲ್ಲ. ಎದ್ದಾಗ ಮುಖ ಕೆಂಪಾಗಿತ್ತು. ನಮ್ಮದು ಬರೀ ಮನೆಯೂಟ ಎಂದು ಗೊಣಗಿ, ಒಂದು ಲೋಟ ನೀರು ಗಟಗಟ ಕುಡಿದ. ಅಡುಗೆಮನೆ ನೋಡಬೇಕು ಎಂದ. ಒಡತಿಯವರು ಬರುವುದು ಬೇಡ, ಅಡುಗೆಯವರ ಹತ್ತಿರ ಮಾತ್ರ ಮಾತಿದೆ.

ಖಲಾಸ್, ಎಂದುಕೊಂಡ ಯಶೋಧರ.

ಒಳಗೆ ಬಂದ ಮುದುಕ ಗ್ರೈಂಡರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಹಬೆಪಾತ್ರೆಯ ಮುಚ್ಚಳ ತೆಗೆದು ಸಾಲಾಗಿ ಕೂತಿದ್ದ ಪುಂಡಿಗಳನ್ನು ಎಣಿಸಿದ. ಪಕ್ಕದಲ್ಲಿ ಗಂಡಹೆಂಡತಿ ತಮ್ಮ ಊಟಕ್ಕೆಂದು ಇಟ್ಟುಕೊಂಡಿದ್ದ ಬಸಳೆ ಗಸಿಯಿತ್ತು. ಅದರ ಮೇಲೆ ಬಗ್ಗಿ ದೀರ್ಘವಾಗಿ ಉಸಿರೆಳೆದುಕೊಂಡ. ಅವನ ಕಣ್ಣು ಒದ್ದೆಯಾಯಿತು. ನಮ್ಮನ್ನು ಊರಿಗೆ ಕಳಿಸುವ ಮೊದಲು ಪಾಪ ಕನಿಕರ ಬಂದಿರಬೇಕು ಎಂದುಕೊಂಡ ಯಶೋಧರ.

ಉಮಾವತಿಗೆ ತಡೆಯಲಾಗಲಿಲ್ಲ. ಕೈ ಒರೆಸಿಕೊಂಡು, ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟಳು.

"ಸರ್, ನಾವು ಇಟಲಿ ನೋಡಿದ್ದೇ ಇಲ್ಲ. ಇದು ನಮ್ಮ ಮಂಗಳೂರು ಕಡೆಯ ಪುಂಡಿ. ಮೇಡಂಗೆ ಹೇಳುವುದಾದ್ರೆ ಈಗಲೇ ಹೇಳಿ. ಹೆದರಿ ಹೆದರಿ ಸಾಕಾಗಿದೆ ನಮಗೆ."

ಯಶೋಧರ ಕಣ್ಣು ಮುಚ್ಚಿದ. ಹೆಜ್ಜೆಗಳು ಬಾಗಿಲ ಕಡೆ ಹೋದದ್ದು ಕೇಳಿಸಿತು. ಜುಮಾನಾಳನ್ನು ಕೂಗುತ್ತಾನೆ ಎಂದು ಕಾದ. ಕೇಳಿಸಿದ್ದು ಚಿಲಕದ ಸದ್ದು.

ಬ್ರೂನೋ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಯಾರಲ್ಲಿ ಕೇಳಲಿ ಎಂದು ಒಂದು ತಿಂಗಳಿಂದ ಹುಡುಕುತ್ತಿದ್ದೆ, ನನಗೆ ಹೊರಗೆ ಬಾಯಿ ಬಿಡಲಾಗದವರೇ ಬೇಕಿತ್ತು ಎಂದು ಪಿಸುಗುಟ್ಟಿದ. ಗಂಡಹೆಂಡತಿ ಮುಖಮುಖ ನೋಡಿಕೊಂಡರು. ಪುಸ್ತಕದ ಹೊಸ ಹಾಳೆ ತೆರೆದು ಅವನು ಉಮಾವತಿಯ ಮುಂದೆ ಹೆಚ್ಚುಕಡಿಮೆ ಕೈಮುಗಿದ.

"ನಮ್ಮ ಬೆಟ್ಟದೂರಿನಲ್ಲಿ ಹೆಜ್ಜೆಗೊಂದು ಇಟಾಲಿಯನ್ ಊಟದ ಮನೆ, ಅದಕ್ಕೇ ನಮ್ಮದು ಅಪ್ಪಟ ಮಂಗಳೂರು ಹೋಟೆಲು ಅಂತ ಬೋರ್ಡು ಹಾಕಿದ್ದೇವೆ ಅಮ್ಮಾ, ಹತ್ತು ವರ್ಷದಿಂದ ನ್ಯೋಕಿಯನ್ನೇ ಪುಂಡಿ ಅಂತ ಬಡಿಸುತ್ತಿದ್ದೇವೆ, ಬರುವ ಶುಕ್ರವಾರ ಮಂಗಳೂರಿನವರೇ ಒಬ್ಬರು ಊಟಕ್ಕೆ ಬರುತ್ತಾರಂತೆ."