ಏಳನೇ ಪುಟದ ಹೆಬ್ಬೆಟ್ಟು

ಮುದ್ದಪ್ಪ ಶಾಯಿ ಪ್ಯಾಡಿಗೆ ಹೆಬ್ಬೆರಳು ಒತ್ತಿ, ಕುರಿಮದ್ದಿನ ಪುಸ್ತಕದ ಮೂರನೆಯ ಪ್ರತಿಯ ಏಳನೇ ಪುಟಕ್ಕೆ ಬಳಿಯುತ್ತಿದ್ದಾಗ ಕುರಿಗಾರರ ಸಂಘದ ಕಾರ್ಯದರ್ಶಿ ಮೂರ್ತಪ್ಪ ಊಟ ಮುಗಿಸಿ ಆಫೀಸಿನ ಬಾಗಿಲಿಗೆ ಬಂದ.

"ಲೇ, ಏನ್ ಮಾಡ್ತಿದೀಯ?"

"ಒಂದ್ ಸಾಲು ಅಳಿಸ್ತಿದೀನಿ ಸ್ವಾಮಿ."

ಯಾವ ಸಾಲೆಂದು ಓದಲು ಮುದ್ದಪ್ಪನಿಗೆ ಬರುತ್ತಿರಲಿಲ್ಲ. ಟೈಪಿಸ್ಟ್ ಚಂದ್ರಕ್ಕ ಉಗುರಿನಿಂದ ಗೀರಿ ತೋರಿಸಿದ್ದಳು. ಒಂದು ಚುಕ್ಕಿ ಬದಲಿಸುವ ಅಧಿಕಾರವೂ ಇಲ್ಲದ ಆಕೆ ಈಗ ಕಾಗದವನ್ನೇ ಹಾಕದ ಟೈಪ್ ಮೆಷಿನ್ನನ್ನು ಒಂದೇ ಸಮ ಬಡಿಯುತ್ತಿದ್ದಳು. ಸಾಲು ಹೀಗಿತ್ತು: 'ಕುಂಟುವ ಕುರಿಗೆ ಎಕ್ಕದ ಹಾಲನ್ನು ಕುಡಿಸತಕ್ಕದ್ದು. ಹೇಳಿದವರು: ಮುದ್ದಪ್ಪ, ಯಲ್ಲದಕೆರೆ.'

ಮುದ್ದಪ್ಪ ಹೇಳಿದ್ದು, ಮುಳ್ಳು ಮುರಿದ ಕುರಿಗೆ ಎಕ್ಕದ ಹಾಲು ಹಾಕಬೇಕು ಅಂತ. ಕಾಲಿಗೆ ಅಂತ ಬಿಡಿಸಿ ಹೇಳಿರಲಿಲ್ಲ. ಕುರಿ ಕಾಯುವವರಿಗೆ ಅದನ್ನು ಬೇರೆ ಹೇಳಬೇಕೆ? ಕುರಿಯನ್ನು ಸಾರಿನಲ್ಲಿ ಮಾತ್ರ ಬಲ್ಲ ಮೂರ್ತಪ್ಪ, 'ಹಾಕು' ಎಂಬುದು ಒರಟು ಮಾತು, ಹಾಲು ಹಾಕುವುದೆಂದರೆ ಕುಡಿಸುವುದು ತಾನೆ ಎಂದು ತಿದ್ದಿದ್ದ. ಹೋದ ವಾರ ಹತ್ತು ಪ್ರತಿ ಯಲ್ಲದಕೆರೆಗೆ ಹೋದವು. ಮುದ್ದಪ್ಪನ ತಂಗಿ ಕಾಟಮ್ಮ, ಅಣ್ಣನೇ ಹೇಳಿದ ಮದ್ದಲ್ಲವೇ ಎಂದು ಬಿದಿರಿನ ಗೊಟ್ಟದಲ್ಲಿ ಕುರಿಯ ಬಾಯಿಗೆ ಹೊಯ್ದಳು. ಹೊತ್ತು ಮುಳುಗುವುದರೊಳಗೆ ಕುರಿ ಕಾಲು ಚಾಚಿತು. ಈಗ ನಲವತ್ತು ಪ್ರತಿ ಹೊಸದುರ್ಗದ ಎರಡು ಗಂಟೆ ಬಸ್ಸಿಗೆ ಕಾದು ಕೂತಿದ್ದವು.

'ಇದು ಎಲ್ಲ ಕುರಿಗಾರರ ಪುಸ್ತಕ, ಯಾರು ಬೇಕಾದರೂ ತಿದ್ದಬಹುದು' ಎಂದು ರಟ್ಟಿನ ಮೇಲೇ ಇತ್ತು. ಮುದ್ದಪ್ಪ ಕುರಿ ಸತ್ತದ್ದನ್ನು ಹೇಳಿದಾಗ ಮೂರ್ತಪ್ಪ ಸಮಾಧಾನವಾಗಿ ಬಿಡಿಸಿ ಹೇಳಿದ: ಯಾರು ಬೇಕಾದರೂ ಅಂದರೆ ಸದಸ್ಯರು. ಸದಸ್ಯರು ಅಂದರೆ ಅರ್ಜಿ ಬರೆಯಬಲ್ಲವರು. ಅರ್ಜಿಯನ್ನು ತಿದ್ದುಪಡಿ ಸಮಿತಿ ನೋಡುತ್ತದೆ. ಸಮಿತಿ ಸೇರುವುದು ಯುಗಾದಿ ಕಳೆದ ಮೇಲೆ.

"ಅಲ್ಲೀಗಂಟ ಕುರಿ ಕಾಯ್ತವೇನ್ರಿ?"

ಮೊದಲು ಬರೆದುಕೊಂಡ ಕಾಗದವನ್ನಾದರೂ ತೆಗೆದು ನೋಡಿ ಎಂದು ಮುದ್ದಪ್ಪ ಕೇಳಿಕೊಂಡ. ಶುದ್ಧಪ್ರತಿ ಆದ ಮೇಲೆ ಕರಡು ಬಚ್ಚಲೊಲೆಗೆ ಹೋಗಿತ್ತಂತೆ.

"ಹಂಗಾರೆ ನನ್ ಹೆಸರಾದ್ರೂ ತೆಗೀರಿ."

"ಅದೂ ತಿದ್ದುಪಡೀನೇ ಕಣಪ್ಪ." ಮೂರ್ತಪ್ಪ ನೇರಳೆ ಗುರುತು ಬಿದ್ದ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದ. ಶಾಯಿಯ ಕೆಳಗೆ ಒಂದಕ್ಷರವೂ ಮರೆಯಾಗಿರಲಿಲ್ಲ. ಅವನ ಮುಖ ಅರಳಿತು. "ನೋಡು, ಹೇಳಿದೋರ ಹೆಬ್ಬೆಟ್ಟೇ ಬಿದ್ದೈತೆ. ಇದಕ್ಕಿಂತ ಒಪ್ಪಿಗೆ ಬೇಕಾ? ಚಂದ್ರಕ್ಕ, ಇವನ್ನ ಕಟ್ಟಿನ ಮ್ಯಾಲೇ ಇಡು."

ಟೈಪ್ ಮೆಷಿನ್ ನಿಂತಿತು. ಹೊರಗೆ ಬಸ್ಸು ಹಾರನ್ ಹೊಡೆಯಿತು. ಕಟ್ಟಿಗೆ ಕೈ ಹಾಕಹೋದ ಮುದ್ದಪ್ಪನನ್ನು ಮೂರ್ತಪ್ಪ ಭುಜದಿಂದ ಸರಿಸಿ, ತಾನೇ ಎತ್ತಿಕೊಂಡು ಹೋಗಿ ಕಂಡಕ್ಟರಿಗೆ ಕೊಟ್ಟು ಬಂದ. ಬಂದವನ ಕೈಯಲ್ಲಿ ಹೆಬ್ಬೆಟ್ಟಿನದೊಂದು ಪ್ರತಿ ಉಳಿದಿತ್ತು.

"ಬೇಜಾರಾಗಬ್ಯಾಡ. ಹೇಳಿದೋರಿಗೆ ಒಂದು ಪ್ರತಿ ಪುಕ್ಕಟೆ ಅಂತ ನಿಯಮ ಐತೆ. ತಗ, ಮನೇಲಿಟ್ಕ."

ಮುದ್ದಪ್ಪ ಹೆಬ್ಬೆರಳನ್ನು ಕಂಬಳಿಗೆ ತಿಕ್ಕಿ ತಿಕ್ಕಿ ಒರೆಸಿಕೊಂಡ.

"ಬ್ಯಾಡ್ರಿ," ಅಂದ. "ಮನ್ಯಾಗೆ ಕುರಿ ಅವೆ."