ಸಂಪರ್ಕಕ್ಕೆ ಸಿಗಲಿಲ್ಲ

“ಪೆನ್ನು ಕಿವಿ ಮೇಲೆ ಬೇಡ, ಜೇಬಲ್ಲಿರಲಿ. ನಾವೇನು ಬಡಗಿಗಳಾ?” ಹಿರಿಯ ವರದಿಗಾರರು ಸಿನಿಮಾ ಹೀರೊಗೆ ಪಾಠ ಹೇಳುತ್ತಿದ್ದರು. ಹದಿನಾರು ವರ್ಷದ ಹಿಂದೆ ಆಸ್ಪತ್ರೆಯೊಂದರ ಔಷಧಿ ಕದ್ದದ್ದು ಅಲ್ಲಿನ ಸ್ಟೋರ್‌ಕೀಪರನೇ ಎಂದು ಬರೆದು ಪ್ರಶಸ್ತಿ ಗಿಟ್ಟಿಸಿದವರು ಅವರು. ಆ ಸಾಹಸವೇ ಈಗ ಸಿನಿಮಾ ಆಗುತ್ತಿತ್ತು. ಅವರಿಗೆಂದೇ ಒಂದು ಕುರ್ಚಿ, ಕುರ್ಚಿಯ ಬೆನ್ನಿಗೆ ‘ವೃತ್ತಿಧರ್ಮ ಸಲಹೆಗಾರರು’ ಎಂಬ ಚೀಟಿ. ಚೀಟಿ ಎರಡು ಸಲ ಉದುರಿ, ಎರಡು ಸಲವೂ ಅವರೇ ಎತ್ತಿ ಅಂಟಿಸಿದ್ದರು.

ಶೂಟಿಂಗ್ ನಡೆಯುತ್ತಿದ್ದ ಹಾಲ್‌ನ ಒಂದು ಮೂಲೆ ಪತ್ರಿಕಾ ಕಚೇರಿ, ಎದುರು ಮೂಲೆ ಕಳ್ಳನ ಮನೆ. ಕಚೇರಿಯಿಂದ ಹೀರೊ ಏಳು ಸಲ ಫೋನ್ ಮಾಡಬೇಕು, ಮನೆಯಲ್ಲಿ ಕಳ್ಳ ಎತ್ತಬಾರದು.

“ಆರೋಪ ಹೊತ್ತವರನ್ನ ಕೇಳ್ದೆ ನಾವು ಒಂದಕ್ಷರ ಬರೆಯಲ್ಲಪ್ಪ,” ಎಂದರು ವರದಿಗಾರರು.

‘ಪ್ರತಿಕ್ರಿಯೆಗಾಗಿ ಹಲವು ಬಾರಿ ಕರೆ ಮಾಡಿದರೂ ಸಂಪರ್ಕಕ್ಕೆ ಸಿಗಲಿಲ್ಲ’ ಎಂಬ ಸಾಲು ಅಂದಿನ ವರದಿಯ ಕೊನೆಗಿತ್ತು. ಅವರ ಎಲ್ಲ ವರದಿಗಳ ಕೊನೆಗೂ ಇರುತ್ತಿತ್ತು, ಕಾಗದದ ಕೊನೆಗೆ ‘ಇಂತಿ ನಿಮ್ಮ’ ಇರುವಂತೆ.

ಅಷ್ಟರಲ್ಲಿ ನಿರ್ದೇಶಕ ಒಬ್ಬ ವೃದ್ಧರನ್ನು ಕರೆತಂದ. “ಸಾರ್, ಇವರೇ ನಿಮ್ಮ ಸ್ಟೋರ್‌ಕೀಪರ್. ನಿಜವಾದವರೇ ಕಾಣಿಸ್ಕೊಂಡ್ರೆ ಪ್ರಚಾರಕ್ಕಾಗುತ್ತೆ ಅಂತ ಕೇಳ್ದೆ, ಒಂದೇ ಮಾತಿಗೆ ಒಪ್ಪಿದ್ರು. ಫೋನ್ ಸೀನ್ ಒಂದೇ ಸಾಕಂತೆ.”

ವರದಿಗಾರರಿಗೆ ಗುರುತು ಸಿಗಲಿಲ್ಲ. ಹಿಂದೆ ನೋಡಿದ್ದರೆ ತಾನೆ ಸಿಗುವುದು. ಈತ ನಿರ್ದೋಷಿ ಎಂದು ತನಿಖೆ ಹೇಳಿದ್ದನ್ನೂ ಅವರ ಪತ್ರಿಕೆ ಮುಚ್ಚಿಟ್ಟಿರಲಿಲ್ಲ. ಒಂಬತ್ತನೇ ಪುಟದಲ್ಲಿ, ಟೈರ್ ಜಾಹೀರಾತಿನ ಕೆಳಗೆ, ಎರಡು ಸಾಲು ಹಾಕಿತ್ತು.

“ನೀವು ಫೋನ್ ಮಾಡಿದ್ದೆ ಅಂತ ಬರೆದ್ರಲ್ಲ, ಆವತ್ತು ಮಗಳ ಹೆರಿಗೆ ಸಾರ್,” ಎಂದರು ಸ್ಟೋರ್‌ಕೀಪರ್ ಮೆಲ್ಲಗೆ. “ಸುದ್ದಿ ಯಾವಾಗ ಬರುತ್ತೋ ಅಂತ ಬೆಳಗ್ಗೆಯಿಂದ ಫೋನ್ ಪಕ್ಕದಲ್ಲೇ ಕೂತಿದ್ದೆ.”

“ಲೈನ್ ಕೆಟ್ಟಿತ್ತೇನೋ.”

“ಮೊಮ್ಮಗಳು ಹುಟ್ಟಿದ ಸುದ್ದಿ ಅದೇ ಲೈನಲ್ಲಿ ಬಂತಲ್ಲ ಸಾರ್. ಕೆಲಸ ಏನೋ ವಾಪಸ್ ಕೊಟ್ರು. ಆದ್ರೆ ಕಳ್ಳ ಅಲ್ದಿದ್ರೆ ಫೋನ್ ಯಾಕೆ ಎತ್ತಲಿಲ್ಲ ಅಂತ ಬೀಗರು ಇವತ್ತಿಗೂ ಕೇಳ್ತಾರೆ. ಇನ್ನು ಸಿನಿಮಾದಲ್ಲೂ ನೋಡ್ತಾರೆ.”

ವರದಿಗಾರರು ಕನ್ನಡಕ ಒರೆಸತೊಡಗಿದರು. ಅದು ಮೊದಲೇ ಸ್ವಚ್ಛವಾಗಿತ್ತು.

“ನೀವು ನಟನೆ ಮಾಡೋದೇ ಬೇಡ ಯಜಮಾನ್ರೆ,” ಎಂದ ನಿರ್ದೇಶಕ. “ಫೋನ್ ಹೊಡ್ಕೊಳ್ತಾ ಇರುತ್ತೆ, ಎತ್ತದೆ ಕೂತ್ರೆ ಮುಗೀತು.”

ಕ್ಯಾಮೆರಾ ಓಡಿತು. ಮೊದಲ ರಿಂಗ್ ಮುಗಿಯುವ ಮುಂಚೆಯೇ ಸ್ಟೋರ್‌ಕೀಪರ್ ರಿಸೀವರ್ ಎತ್ತಿ “ಹಲೋ” ಎಂದರು.

“ಕಟ್. ಎತ್ತಬಾರದು ಅಂದೆನಲ್ಲ?”

“ಗೊತ್ತು ಸಾರ್. ರಿಂಗಾದ್ರೆ ಎತ್ತೋದೇ ಅಭ್ಯಾಸ.”

ಎರಡನೇ ಸಲವೂ ಅದೇ ಕಥೆ. ಮೂರನೇ ಸಲ ನಿರ್ದೇಶಕ ಹಣೆ ಚಚ್ಚಿಕೊಳ್ಳುವ ಭರದಲ್ಲಿ “ಕಟ್” ಎನ್ನುವುದನ್ನೇ ಮರೆತ.

“ಹೇಳಿ ಸಾರ್, ನಾನೇ ಮಾತಾಡ್ತಿರೋದು,” ಎಂದರು ಸ್ಟೋರ್‌ಕೀಪರ್. “ಏನು ಕೇಳ್ಬೇಕಿತ್ತು?”

ಹೀರೊಗೆ ಇದಕ್ಕೆ ಸಂಭಾಷಣೆ ಬರೆದುಕೊಟ್ಟಿರಲಿಲ್ಲ. ಅವನು ಸಲಹೆಗಾರರತ್ತ ನೋಡಿದ. ಸಲಹೆಗಾರರು ಮತ್ತೆ ಕೆಳಗೆ ಬಿದ್ದಿದ್ದ ಚೀಟಿಯನ್ನೇ ನೋಡುತ್ತಿದ್ದರು, ಎತ್ತಿಕೊಳ್ಳಲಿಲ್ಲ.

“ಔಷಧಿ ನೀವು ಕದ್ರಾ?” ತೋಚಿದ್ದನ್ನು ಕೇಳಿದ ಹೀರೊ.

“ಇಲ್ಲ ಸಾರ್.”

ಹೀರೊ ಜೇಬಿನಿಂದ ಪೆನ್ನು ತೆಗೆದು, ಆ ಉತ್ತರವನ್ನು ಹಾಗೆಯೇ ಬರೆದುಕೊಂಡ.